ಬೀಗ ಹಾಕಿದ ಮನೆಯ ಸಾಂಬ್ರಾಣಿ

ನನ್ನ ಮೂಗು ಯಾವತ್ತೂ ನನ್ನ ಮಾತು ಕೇಳಿದ್ದಲ್ಲ. ಚಿತ್ರದುರ್ಗದ ಆಸ್ಪತ್ರೆಯಲ್ಲಿ ನರ್ಸಿನ ಕೆಲಸ ಕಲಿಯಲು ಸೇರಿದ ಹೊಸತರಲ್ಲೇ ಅದು ನನ್ನ ಮಾನ ಕಳೆಯಿತು. ಹೆಂಗಸರ ವಾರ್ಡಿನ ಮೂಲೆಯಲ್ಲಿ ಹೊಸದುರ್ಗದ ಕಡೆಯ ಒಬ್ಬ ಬಾಣಂತಿ ಮಲಗಿದ್ದಳು. ಹೆರಿಗೆಯಲ್ಲಿ ಕೂಸಿನ ಹಿಂದೆ ಬರಬೇಕಾದ ಮಾಸು ಪೂರಾ ಬಾರದೆ ಒಳಗೆ ನಂಜೇರಿತ್ತು. ಊರಿನಲ್ಲಿ ಮಾಡುವಷ್ಟು ಮದ್ದು ಮಾಡಿ, ಕೈಲಾಗದಾಗ ಗಾಡಿಯಲ್ಲಿ ಹಾಕಿಕೊಂಡು ತಂದಿದ್ದರು. ಅವಳ ಬಟ್ಟೆ ಬದಲಿಸುವಾಗ ಬಕೆಟ್ಟು ಹಿಡಿದುಕೊಂಡು ನಿಲ್ಲುವುದಷ್ಟೇ ನನ್ನ ಪಾಲಿನ ಕೆಲಸ. ಬಟ್ಟೆ ತೆಗೆದರು. ನಾನು ಬಕೆಟ್ಟು ಕೆಳಗೆ ಬಿಟ್ಟು, ಬೆಳಿಗ್ಗೆ ತಿಂದ ರೊಟ್ಟಿಯನ್ನೆಲ್ಲ ಮೇಟ್ರನ್ ಅಮ್ಮನವರ ಬೂಟಿನ ಮೇಲೆ ಕಾರಿಕೊಂಡೆ.

ಆ ಹೆಂಗಸು ಉಳಿಯಲಿಲ್ಲ. ಬಟ್ಟೆ ಬದಲಿಸುವಷ್ಟು ಹೊತ್ತೂ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ತನ್ನ ಗತಿ ಏನು ಎಂಬುದು ಅವಳಿಗೆ ನನ್ನ ಮುಖ ನೋಡಿಯೇ ತಿಳಿಯಿತೇನೋ ಎಂದು ನನಗೆ ಬಹಳ ದಿನ ಅನಿಸುತ್ತಿತ್ತು. ಮೇಟ್ರನ್ ಅಮ್ಮನವರು ಬೈಯಲಿಲ್ಲ. ಬೂಟು ತೊಳೆದುಕೊಂಡು ಬಂದು, "ಇನ್ನೊಂದು ಸಲ ಹೀಗಾದರೆ ಊರಿಗೆ ಕಳಿಸಿಬಿಡ್ತೀನಿ, ಮಗು. ಇದು ನಿನಗಾಗೋ ಕೆಲಸ ಅಲ್ಲ ಅಂತ ತಿಳ್ಕೊಳ್ತೀನಿ," ಎಂದರು. ಊರು ಎಂದರೆ ಹೊಳಲ್ಕೆರೆಯ ಹತ್ತಿರ ನನ್ನ ಗಂಡನ ಮನೆ. ಗಂಡ ತೀರಿಕೊಂಡು ಹೋಗಿದ್ದ. ಮೈದುನನ ಹೆಂಡತಿಯ ಬೀಸುಕಲ್ಲು ಮಾತ್ರ ನನಗಾಗಿ ಕಾದಿತ್ತು. ಆ ಮನೆಗೆ ತಿರುಗಿ ಹೋಗುವುದಕ್ಕಿಂತ ಎಂಥ ನಾತವಾದರೂ ಆದೀತು ಎಂದುಕೊಂಡೆ.

ಅಂದುಕೊಂಡರೆ ಹೊಟ್ಟೆ ಕೇಳಬೇಕಲ್ಲ. ಸೆರಗಿನ ತುದಿಗೆ ಕರ್ಪೂರ ಕಟ್ಟಿಕೊಂಡೆ. ಮೂಗಿನ ಕೆಳಗೆ ನೀಲಗಿರಿ ಎಣ್ಣೆ ಸವರಿಕೊಂಡೆ. ಲವಂಗ ಅಗಿದೆ, ನಿಂಬೆ ಎಲೆ ಹಿಸುಕಿ ಮೂಸಿದೆ, ಉಸಿರು ಬಿಗಿಹಿಡಿದು ಕೆಲಸ ಮಾಡಲು ಹೋಗಿ ಒಮ್ಮೆ ತಲೆ ತಿರುಗಿ ಬಿದ್ದೆ. ಕರ್ಪೂರ ಕೆಲವು ದಿನ ಕಾಪಾಡಿತು. ಆಮೇಲೆ ಏನಾಯಿತೆಂದರೆ ಕರ್ಪೂರವೂ ಆ ನಾತವೂ ನನ್ನ ತಲೆಯಲ್ಲಿ ಒಂದಕ್ಕೊಂದು ಅಂಟಿಕೊಂಡವು. ಸೋಮವಾರ ಗುಡಿಗೆ ಹೋಗಿದ್ದಾಗ ಪೂಜಾರಪ್ಪ ಮಂಗಳಾರತಿ ತಟ್ಟೆ ಮುಂದೆ ಹಿಡಿದರೆ ನಾನು ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಓಡಿದೆ. ಬಸುರಿಯಿರಬಹುದು ಎಂದು ನೆರೆದ ಹೆಂಗಸರು ಗುಸುಗುಸು ಮಾಡಿದರು. ಗಂಡ ಸತ್ತವಳಿಗೆ ಅಂಥ ಮಾತು ಎಷ್ಟು ಚೆನ್ನಾಗಿರುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ.

ಅಳುತ್ತ ಕೂತಿದ್ದವಳನ್ನು ಮೇಟ್ರನ್ ಅಮ್ಮನವರು ಬಟ್ಟೆ ಕುದಿಸುವ ಹಂಡೆಯ ಹತ್ತಿರ ಕರೆದುಕೊಂಡು ಹೋದರು. ನನ್ನ ಸೆರಗಿನ ಗಂಟು ಬಿಚ್ಚಿ ಕರ್ಪೂರವನ್ನು ಒಲೆಗೆ ಎಸೆದರು.

"ಮುಚ್ಚಬೇಡ. ಹತ್ತಿರ ಹೋಗಿ ಮೂಸು. ಮೂಸಿ ಅದಕ್ಕೊಂದು ಹೆಸರಿಡು. ರೋಗಿ ಹೇಳದೆ ಇರೋದನ್ನ ವಾಸನೆ ಹೇಳುತ್ತೆ. ಹೆಸರು ಗೊತ್ತಾದ ಮೇಲೆ ಅದು ಮೈಮೇಲೆ ಬರೋದಿಲ್ಲ, ಎದುರಿಗೆ ನಿಲ್ಲುತ್ತೆ."

ಹೆಸರಿಗೇನು ಬರವೇ? ಅವ್ವನ ಅಡಿಗೆಮನೆಯಲ್ಲೇ ಬೇಕಾದಷ್ಟು ಕಲಿತಿದ್ದೆ. ಉಚ್ಚೆ ಒಣಗಿದ ಬಟ್ಟೆಗೆ ಸಿನುಗು. ಗಾಳಿಯಾಡದ ಹಾಸಿಗೆಗೆ ಮುಗ್ಗು. ಹಳೆ ಎಣ್ಣೆಗೆ, ಎಣ್ಣೆಗಟ್ಟಿದ ತಲೆದಿಂಬಿಗೆ ಕಮಟು. ಜ್ವರದವರ ಬಾಯಿಗೆ ಹಳಸಲು. ಒಂದೊಂದನ್ನೂ ಮೂಸಿ ಹೆಸರು ಹೇಳುತ್ತ ಹೋದೆ. ಹೊಟ್ಟೆ ನಿಧಾನವಾಗಿ ತನ್ನ ಜಾಗದಲ್ಲಿ ಕೂತುಕೊಂಡಿತು. ಆ ಹೊಸದುರ್ಗದ ಬಾಣಂತಿಯ ವಾಸನೆಗೆ ಮಾತ್ರ ನನ್ನಲ್ಲಿ ಹೆಸರಿರಲಿಲ್ಲ. ಮೇಟ್ರನ್ ಅಮ್ಮನವರನ್ನು ಕೇಳಿದರೆ, "ನೀನೇ ಇಡು," ಎಂದರು. ಯೋಚಿಸಿ ನೋಡಿದೆ. ನಮ್ಮೂರ ಗುಡಿಯ ಹಿಂದೆ ದೇವರಿಂದ ತೆಗೆದ ಹೂವು ಪತ್ರೆಗಳನ್ನು ಹಾಕುವ ಗುಂಡಿ ಇತ್ತು. ಮಳೆಗಾಲದಲ್ಲಿ ಅದರಿಂದ ಬರುವ ವಾಸನೆ ಮೂಗಿಗೆ ಚುಚ್ಚುವುದಿಲ್ಲ, ಸಿಹಿಯಾಗಿ ಬಂದು ಗಂಟಲಲ್ಲಿ ಕೂರುತ್ತದೆ. ನಿರ್ಮಾಲ್ಯ ಎಂದು ಹೆಸರಿಟ್ಟೆ. ದೇವರ ಹೂವಿನ ಹೆಸರನ್ನು ಅಂಥದಕ್ಕೆ ಇಟ್ಟೆನಲ್ಲ ಎಂದು ನನಗೇ ಭಯವಾಯಿತು.

ಅಷ್ಟರಲ್ಲಿ ಊರಿಗೆ ಪ್ಲೇಗು ಬಂತು. ಆಗಿನವರಿಗೆ "ಇಲಿ ಬಿತ್ತು" ಎಂಬ ಎರಡು ಮಾತು ಸಾಕಾಗಿತ್ತು. ಯಾರ ಮನೆಯಲ್ಲಿ ಸತ್ತ ಇಲಿ ಸಿಕ್ಕಿತು ಎಂದು ವಿಚಾರಿಸುವ ಮೊದಲೇ ಜನ ಗಂಟುಮೂಟೆ ಕಟ್ಟುತ್ತಿದ್ದರು. ಮನೆಗಳಿಗೆ ಬೀಗ ಜಡಿದು, ಊರ ಹೊರಗೆ ಜೋಗಿಮಟ್ಟಿಯ ಕಡೆಯ ಬಯಲಿನಲ್ಲಿ ಸೋಗೆಯ ಗುಡಿಸಲು ಹಾಕಿಕೊಂಡು ಕೂತರು. ನಮ್ಮ ಆಸ್ಪತ್ರೆಯವರೂ ಅಲ್ಲೊಂದು ಶೆಡ್ಡು ಎಬ್ಬಿಸಿದರು. ಊರೊಳಗಿನ ಆಸ್ಪತ್ರೆಯಲ್ಲಿ ಕುದಿಸಿದ ಬಟ್ಟೆಗಳನ್ನು ದಿನಾ ಮಧ್ಯಾಹ್ನ ಆ ಶೆಡ್ಡಿಗೆ ಮುಟ್ಟಿಸುವ ಕೆಲಸ ನನಗೂ ನಮ್ಮ ಆಯಮ್ಮನಿಗೂ ಬಿತ್ತು. ಆಯಮ್ಮ ಯಲ್ಲದಕೆರೆಯವಳು. ಬಾಯಿ ಜೋರು, ಧೈರ್ಯ ಕಡಿಮೆ.

ಕೋಟೆಯ ಬದಿಯ ಒಂದು ಓಣಿಯನ್ನು ಹಾದು ಹೋಗಬೇಕಿತ್ತು. ಎರಡೂ ಕಡೆ ಮಣ್ಣಿನ ಮಾಳಿಗೆಯ ಮನೆಗಳು, ಎಲ್ಲ ಬಾಗಿಲಿಗೂ ಬೀಗ. ಬಾಗಿಲ ಮುಂದೆ ಹಿಂದಿನ ವಾರದ ರಂಗೋಲಿ ಅರ್ಧ ಅಳಿಸಿತ್ತು. ನಾಯಿಯೂ ಇಲ್ಲ, ಕಾಗೆಯೂ ಇಲ್ಲ. ಬಿಸಿಲು ಮಾತ್ರ ಓಣಿಯ ತುಂಬ ನಿಂತಿತ್ತು. ನಮ್ಮ ಕಾಲಿನ ಸಪ್ಪಳ ಎದುರು ಗೋಡೆಗೆ ಬಡಿದು ತಿರುಗಿ ಬರುತ್ತಿದ್ದುದರಿಂದ ನಮ್ಮ ಹಿಂದೆ ಇನ್ನಿಬ್ಬರು ಬರುತ್ತಿದ್ದಾರೆ ಎನಿಸುತ್ತಿತ್ತು. ಆ ಓಣಿಯ ನಡುವೆ ಒಂದು ದಿನ ನನಗೆ ಸಾಂಬ್ರಾಣಿಯ ವಾಸನೆ ಬಂತು.

ಹಳೆಯದಲ್ಲ, ಆಗತಾನೆ ಕೆಂಡಕ್ಕೆ ಹಾಕಿದ್ದು. ನಾನು ನಿಂತೆ. ಆಯಮ್ಮನೂ ನಿಂತಳು. ಅವಳಿಗೂ ಬಂದಿತ್ತು.

"ಹೋಗಾಣ ಬಾರವ್ವ, ನಿಲ್ಲಬ್ಯಾಡ," ಎಂದು ನನ್ನ ರಟ್ಟೆ ಹಿಡಿದು ಎಳೆದಳು. ಓಣಿ ದಾಟಿದ ಮೇಲೆ ಉಸಿರು ಬಿಟ್ಟು ಹೇಳಿದಳು. "ಹೋದ ವರ್ಷ ಈ ಓಣಿಯಾಗೆ ಒಬ್ಬಾಕಿ ಹೆರಿಗೇಲಿ ಸತ್ಲು. ಬಾಣಂತಿ ಸತ್ರೆ ಸುಮ್ನೆ ಹೋಗ್ತಾಳಾ? ಜನ ಖಾಲಿ ಮಾಡ್ಯಾರಲ್ಲ, ಬಂದು ಕುಂತಾಳೆ. ಸಾಂಬ್ರಾಣಿ ಹಾಕ್ಕಂತಾಳೆ."

ನಗಲು ಹೋದೆ, ನಗು ಬರಲಿಲ್ಲ. ಬಾಣಂತಿಗೂ ಕೂಸಿಗೂ ನೀರು ಹಾಕಿದ ಮೇಲೆ ಸಾಂಬ್ರಾಣಿಯ ಹೊಗೆ ಹಿಡಿಯುವುದು ನಮ್ಮಲ್ಲಿ ಎಲ್ಲರ ಮನೆಯ ಪದ್ಧತಿ. ಅದೂ ಬೆಳಿಗ್ಗೆ, ಇಲ್ಲವೇ ದೀಪ ಹಚ್ಚುವ ಹೊತ್ತಿಗೆ. ಊರೇ ಬಿಟ್ಟು ಹೋದ ಓಣಿಯಲ್ಲಿ ನಡುಮಧ್ಯಾಹ್ನ ಯಾರು ಯಾರಿಗೆ ಹೊಗೆ ಹಾಕುತ್ತಿದ್ದಾರೆ?

ಮಾರನೆಯ ದಿನವೂ ಬಂತು. ಅದರ ಮಾರನೆಯ ದಿನವೂ. ಆಯಮ್ಮ ಸೆರಗು ತಲೆಯ ಮೇಲೆ ಎಳೆದುಕೊಂಡು ಓಡುತ್ತಿದ್ದಳು. ನಾನು ಓಡುತ್ತಿದ್ದರೂ ಮೂಗು ಮಾತ್ರ ಕಲಿತ ಪಾಠವನ್ನು ಬಿಡಲಿಲ್ಲ. ಸಾಂಬ್ರಾಣಿಯ ಅಡಿಯಲ್ಲಿ ಓಮ ಹುರಿದ ವಾಸನೆ. ತುಪ್ಪದಲ್ಲಿ ಬೆಳ್ಳುಳ್ಳಿ. ಆಮೇಲೆ ಹಸಿಗೂಸಿನ ಬಟ್ಟೆಯ ಸಿನುಗು. ನನಗೆ ಸಿಟ್ಟೇ ಬಂತು.

"ಆಯಮ್ಮ, ನಿಮ್ಮ ದೆವ್ವ ಬೆಳ್ಳುಳ್ಳಿ ತಿಂತೈತೇನು?"

"ನಗಬ್ಯಾಡ ಕಣೇ. ಬಾಣಂತಿ ದೆವ್ವ ಬಾಣಂತಿ ಊಟನೇ ಉಣ್ತೈತೆ."

ಅವಳನ್ನು ಓಣಿಯ ಬಾಯಲ್ಲಿ ನಿಲ್ಲಿಸಿ ನಾನೊಬ್ಬಳೇ ವಾಸನೆ ಹಿಡಿದು ಹೋದೆ. ನಾಲ್ಕಾರು ಮನೆಗಳಾಚೆ ಒಂದು ದೊಡ್ಡ ಬಾಗಿಲು. ಹೊರಗಿನಿಂದ ಮುಷ್ಟಿಯಷ್ಟು ದಪ್ಪದ ಬೀಗ. ಮಾಳಿಗೆಯ ಬೆಳಕಿಂಡಿಯಿಂದ ಹೊಗೆ ಸಣ್ಣಗೆ ಏಳುತ್ತಿತ್ತು. ಬಾಗಿಲ ಸಂದಿಗೆ ಬಾಯಿ ಇಟ್ಟು ಮೆಲ್ಲಗೆ ಕೇಳಿದೆ.

"ಒಳಗೆ ಬಾಣಂತಿ ಅದಾಳೇನ್ರಿ?"

ಯಾರೋ ಬರಿಗಾಲಲ್ಲಿ ನಾಲ್ಕು ಹೆಜ್ಜೆ ಇಟ್ಟ ಹಾಗಾಯಿತು. ಕೆಂಡದ ಮೇಲೆ ಏನೋ ಚಟಪಟ ಅಂದಿತು. ಸಂದಿಯಿಂದ ಸಾಂಬ್ರಾಣಿಯ ಹೊಗೆ ದಟ್ಟವಾಗಿ ನನ್ನ ಮುಖಕ್ಕೇ ಬಂತು. ನಾನು ಮಾತಾಡಿದ್ದಕ್ಕೆ ಒಳಗಿನಿಂದ ಹೊಗೆಯಲ್ಲಿ ಉತ್ತರ ಕೊಟ್ಟಿದ್ದರು. ಓಡಿಬಿಡಬೇಕೆಂದು ಕಾಲು ತಿರುಗಿಸಿದವಳು ಹೊಸ್ತಿಲ ಹತ್ತಿರ ಮಂಡಿಯೂರಿ, ಬಾಗಿಲ ಕೆಳಗಿನ ಸಂದಿಗೆ ಮೂಗು ಹಚ್ಚಿದೆ. ಹೊಗೆ ಮೇಲೆ ಹೋಗುತ್ತದೆ, ನೆಲದ ಹತ್ತಿರ ಕಡಿಮೆ ಇರುತ್ತದೆ.

ಅಲ್ಲಿತ್ತು. ಸಿಹಿಯಾಗಿ ಬಂದು ಗಂಟಲಲ್ಲಿ ಕೂತಿತು. ನಿರ್ಮಾಲ್ಯ.

ಆಯಮ್ಮನನ್ನು ಕರೆದುಕೊಂಡು ಗುಡಿಸಲುಗಳ ಕಡೆಗೆ ನಾನು ನಡೆದೆನೋ ಓಡಿದೆನೋ ನೆನಪಿಲ್ಲ. ದಾರಿಯಲ್ಲಿ ಎರಡು ಯೋಚನೆ. ಪ್ಲೇಗಿನ ಇನ್‌ಸ್ಪೆಕ್ಟರರಿಗೆ ಹೇಳಿದರೆ ಜವಾನರು ಬಂದು ಬಾಗಿಲು ಒಡೆಯುತ್ತಾರೆ, ಹಾಸಿಗೆ ಬಟ್ಟೆ ಸುಡುತ್ತಾರೆ. ಆ ಗಲಾಟೆಯಲ್ಲಿ ಒಳಗಿನವರು ಗಾಬರಿಬಿದ್ದು ಬಾಣಂತಿಯನ್ನು ಹಿತ್ತಲಿಂದ ಎಲ್ಲಾದರೂ ಸಾಗಿಸಿದರೆ ಅವಳು ದಾರಿಯಲ್ಲೇ ಸಾಯುತ್ತಾಳೆ. ಮೇಟ್ರನ್ ಅಮ್ಮನವರಿಗೆ ಹೇಳಿದರೆ, ವಾಸನೆಗೆ ವಾಂತಿ ಮಾಡಿಕೊಂಡವಳ ಮೂಗನ್ನು ಅವರು ಯಾಕೆ ನಂಬಬೇಕು? ಸುಳ್ಳಾದರೆ ನನಗೆ ಬೀಸುಕಲ್ಲೇ ಗತಿ. ಆದರೂ ಶೆಡ್ಡಿನಲ್ಲಿದ್ದ ಮೇಟ್ರನ್ ಅಮ್ಮನವರ ಮುಂದೆಯೇ ಹೋಗಿ ನಿಂತೆ.

ಅವರು ಒಂದೇ ಪ್ರಶ್ನೆ ಕೇಳಿದರು. "ಸತ್ತ ಇಲಿ ವಾಸನೆ ಇರಬಹುದಲ್ಲ?"

"ಇಲಿದು ಮೂಗಿಗೆ ಚುಚ್ಚುತ್ತೆ ಅಮ್ಮ. ಇದು ಆವತ್ತಿನ ಹೊಸದುರ್ಗದ ಹೆಂಗಸಿಂದು."

ಡಾಕ್ಟರು ಹಿರಿಯೂರಿಗೆ ಹೋಗಿದ್ದರು. ಮೇಟ್ರನ್ ಅಮ್ಮನವರು ತಾವೇ ಚೀಲಕ್ಕೆ ಸಾಮಾನು ತುಂಬತೊಡಗಿದರು.

ಮನೆ ಒಬ್ಬ ಹತ್ತಿಯ ವ್ಯಾಪಾರಿಯದೆಂದು ಗೊತ್ತಾಯಿತು. ಅವನನ್ನು ಗುಡಿಸಲಿನಲ್ಲಿ ಹಿಡಿದೆವು. ಹಣೆ ತುಂಬ ವಿಭೂತಿ, ವಯಸ್ಸು ಹೆಚ್ಚಿಲ್ಲ. "ನನ್ನ ಹೆಂಡ್ತಿ ಧರ್ಮಪುರಕ್ಕೆ ತವರಿಗೆ ಹೋಗ್ಯಾಳೆ. ಜತಿಗೆ ನಮ್ಮವ್ವನೂ ಹೋಗ್ಯಾಳೆ," ಎಂದ. ನೆಲ ನೋಡಿಕೊಂಡು ಹೇಳಿದ.

ನನಗೆ ತಡೆಯಲಾಗಲಿಲ್ಲ. "ಹಂಗಾದ್ರೆ ಮನಿಯೊಳಗೆ ಸಾಂಬ್ರಾಣಿ ಹಾಕ್ತಿರೋರು ಯಾರಣ್ಣ?"

ಅವನ ಮುಖ ಬಿಳಿಚಿಕೊಂಡಿತು. ನೆಲದ ಮೇಲೆ ಕುಕ್ಕರಿಸಿದ. "ಹಸಿ ಬಾಣಂತೀನ ಈ ಗಾಳಿ ಬಯಲಿಗೆ ತರಾಕೆ ಅವ್ವ ಒಪ್ಲಿಲ್ರಿ. ಹೊರಗಿಂದ ನಾನೇ ಬೀಗ ಹಾಕ್ದೆ. ರಾತ್ರಿ ಕದ್ದು ಬಂದು ಸಾಮಾನು ಕೊಟ್ಟು ಹೋಗ್ತಿದ್ದೆ. ಆಮ್ಯಾಲೆ ಮನೇಲಿ ವಾಸ್ನೆ ಶುರುವಾತು. ಎಲ್ಲೋ ಇಲಿ ಬಿದ್ದೈತೆ ಅಂದ್ಲು ಅವ್ವ. ಇಲಿ ಅಂದ್ರೆ ಸರ್ಕಾರದೋರು ಬರ್ತಾರೆ. ಅದಕ್ಕೆ ವಾಸ್ನೆ ಹೊರಗೆ ಹೋಗ್ಬಾರ್ದು ಅಂತ..." ಎಂದು ಉಡಿದಾರಕ್ಕೆ ಕಟ್ಟಿದ್ದ ಬೀಗದ ಕೈ ಬಿಚ್ಚಿ ಕೊಟ್ಟ.

ಬಾಗಿಲು ತೆಗೆದಾಗ ಮೊದಲು ಏನೂ ಕಾಣಲಿಲ್ಲ. ಹೊಗೆ ಮತ್ತು ಕತ್ತಲೆ. ಕಣ್ಣು ಹೊಂದಿಕೊಂಡ ಮೇಲೆ, ಮನೆಯೆಲ್ಲ ಅಗೆದು ಹಾಕಿರುವುದು ಕಂಡಿತು. ಜೋಳದ ಗುಡಾಣಗಳು ಮಗುಚಿ ಬಿದ್ದಿದ್ದವು. ಗೋಡೆಯ ಬುಡದ ಮಣ್ಣು ಕಿತ್ತು ಬಂದಿತ್ತು. ನಡುಮನೆಯಲ್ಲಿ ಒಬ್ಬ ಮುದುಕಿ ಏಣಿಯ ಮೇಲೆ ನಿಂತು, ಕೋಲಿನಿಂದ ಅಟ್ಟದ ಕತ್ತಲೆಯೊಳಗೆ ಮೀಟುತ್ತಿದ್ದಳು. ನಾವು ಒಳಗೆ ಬಂದರೂ ತಿರುಗಿ ನೋಡಲಿಲ್ಲ. ಒಳಕೋಣೆಯಿಂದ ಒಂದು ಹೆಣ್ಣು ದನಿ ತೇಲಿ ಬಂತು. ಜ್ವರದ ದನಿ, ಬಹಳ ಮೆತ್ತಗೆ.

"ಅತ್ತೆ, ಇಲಿ ಸಿಕ್ತಾ?"

"ಸಿಕ್ತದೆ ಕಣವ್ವ. ಇಲ್ಲೇ ಎಲ್ಲೋ ಐತೆ. ನೀನು ಮಲಕ್ಕ," ಎಂದು ಮುದುಕಿ ಮತ್ತೆ ಮೀಟಿದಳು.

ಒಳಕೋಣೆಯಲ್ಲಿ ಮಂಚ. ಅದರ ಕೆಳಗೆ ಕೆಂಡದ ಅಗ್ಗಿಷ್ಟಿಕೆ. ಬಾಣಂತಿಯ ಕೆನ್ನೆ ಒಣಗಿ ಕೆಂಪಾಗಿತ್ತು, ಹೊಟ್ಟೆ ಉಬ್ಬಿತ್ತು. ಪಕ್ಕದಲ್ಲಿ ತೊಲೆಗೆ ಕಟ್ಟಿದ ತೊಟ್ಟಿಲಲ್ಲಿ ಕೂಸು ಕಣ್ಣು ಬಿಟ್ಟುಕೊಂಡು ಸುಮ್ಮನೆ ಮಲಗಿತ್ತು. ಮೇಟ್ರನ್ ಅಮ್ಮನವರು ಕೆಂಡವನ್ನೂ ಧೂಪದ ಪಾತ್ರೆಯನ್ನೂ ಹೊರಗೆ ಸಾಗಿಸಿ ಕಿಟಕಿ ತೆರೆಸಿದರು. "ಬಾಣಂತಿಗೆ ಗಾಳಿ!" ಎಂದು ಮುದುಕಿ ಕಿರುಚಿದಳು. ಅವರು ಅವಳ ಕಡೆ ನೋಡದೆ ನನಗೆ ಹೇಳಿದರು. "ಹೊದಿಕೆ ತೆಗಿ. ನೋಡಿ ಹೇಳು."

ತೆಗೆದೆ. ಬಗ್ಗಿದೆ. ಹೊಟ್ಟೆ ಒಂದು ಸಲ ಮೇಲೆದ್ದು ಬಂತು. ಬಾಣಂತಿ ನನ್ನ ಮುಖವನ್ನೇ ನೋಡುತ್ತಿದ್ದಳು, ಆ ಇನ್ನೊಬ್ಬಳು ನೋಡಿದ ಹಾಗೆಯೇ. ಈ ಸಲ ನನ್ನ ಮುಖದಲ್ಲಿ ಅವಳಿಗೆ ಏನೂ ಸಿಗಬಾರದೆಂದು ಹಲ್ಲು ಕಚ್ಚಿದೆ.

"ಇಲಿ ಇಲ್ಲ ಅಮ್ಮ ಈ ಮನೇಲಿ. ಮಾಸು ಒಳಗೆ ಉಳಿದೈತೆ," ಎಂದೆ.

ನೀರು ಕುದಿಸಿದೆವು. ಮೇಟ್ರನ್ ಅಮ್ಮನವರು ಕಾರ್ಬಾಲಿಕ್ ಸೋಪಿನಿಂದ ಮೊಣಕೈವರೆಗೆ ತಿಕ್ಕಿ ತೊಳೆದುಕೊಂಡರು, ನನ್ನ ಕೈಯನ್ನೂ ತೊಳೆಸಿದರು. ನಾನು ಲಾಟೀನು ಹಿಡಿದೆ, ತೊಡೆ ಹಿಡಿದೆ, ಬೋಗುಣಿ ಹಿಡಿದೆ. ಅವಳ ಕೂಗು ಓಣಿಯ ಖಾಲಿ ಮನೆಗಳಿಗೆಲ್ಲ ಕೇಳಿಸಿರಬೇಕು. ಹೆರಿಗೆಯಲ್ಲಿ ಪೂರಾ ಬಾರದೆ ಉಳಿದಿದ್ದ ಮಾಸಿನ ಚೂರು ಕಪ್ಪಗೆ ಬೋಗುಣಿಗೆ ಬಿತ್ತು. ಪರ್ಮಾಂಗನೇಟ್ ಬೆರೆಸಿದ ನೇರಳೆ ಬಣ್ಣದ ಬೆಚ್ಚನೆ ನೀರನ್ನು ರಬ್ಬರು ಕೊಳವೆಯಲ್ಲಿ ಬಿಟ್ಟು, ತಿಳಿಯಾಗಿ ಹೊರಬರುವ ತನಕ ತೊಳೆದೆವು. ಗರ್ಭಕೋಶ ಕುಗ್ಗುವ ಔಷಧಿ ಕುಡಿಸಿ, ಬೆನ್ನಿಗೆ ದಿಂಬು ಒತ್ತಿಟ್ಟು ಕೂರಿಸಿದೆವು. ಎಲ್ಲ ಮುಗಿದ ಮೇಲೆ ನಾನು ಹಿತ್ತಲಿಗೆ ಹೋಗಿ ಬೇಕಾದಷ್ಟು ವಾಂತಿ ಮಾಡಿದೆ. ಅದನ್ನು ಮೇಟ್ರನ್ ಅಮ್ಮನವರು ಕಂಡೂ ಕಾಣದಂತೆ ಇದ್ದರು.

ಮುದುಕಿ ಹಿತ್ತಲ ಕಲ್ಲಿನ ಮೇಲೆ ಕೂತಿದ್ದಳು. ಕೋಲು ಇನ್ನೂ ಕೈಯಲ್ಲೇ ಇತ್ತು.

"ನಂಗೆ ಗೊತ್ತಿತ್ತವ್ವ," ಎಂದಳು. "ನಮ್ಮಕ್ಕ ಹಿಂಗೇ ಸತ್ಲು. ಇದೇ ವಾಸ್ನೆ. ಆದ್ರೂ ಹುಡುಕ್ದೆ. ಇಲಿ ಸಿಗ್ಲಪ್ಪ ಶಿವನೇ, ಒಂದೇ ಒಂದು ಸತ್ತ ಇಲಿ ಸಿಗ್ಲಿ ಅಂತ. ಇಲಿ ಆದ್ರೆ ಮನಿ ಬಿಟ್ರೆ ಆತು. ಇಲಿ ಅಲ್ಲ ಅಂದ್ರೆ ಸೊಸೀನ ಬಿಡ್ಬೇಕಲ್ಲವ್ವ."

ಊರಿಗೆ ಊರೇ ಸತ್ತ ಇಲಿಗೆ ಹೆದರಿ ಓಡಿದ್ದಾಗ, ಈ ಒಬ್ಬಳು ಅದು ಸಿಗಲೆಂದು ಬೀಗದೊಳಗೆ ಕೂತು ಬೇಡಿಕೊಂಡಿದ್ದಳು. ಅವಳ ಮೇಲೆ ಬಂದಿದ್ದ ಸಿಟ್ಟೆಲ್ಲ ನನಗೆ ಹೋಯಿತು. ಪಕ್ಕದಲ್ಲಿ ಕೂತು ಕೋಲನ್ನು ಕೈಯಿಂದ ಬಿಡಿಸಿಕೊಂಡೆ.

ಅಂದೇ ಸಂಜೆಯೊಳಗೆ ಹಾಸಿಗೆ ಸಮೇತ ಬಾಣಂತಿಯನ್ನು ಕಮಾನುಗಾಡಿಯಲ್ಲಿ ಮಲಗಿಸಿ, ಕೂಸನ್ನು ಎತ್ತಿಕೊಂಡು ಬಯಲಿನ ಶೆಡ್ಡಿಗೆ ತಂದೆವು. ಮುದುಕಿ ಸೆರಗಿನ ಮರೆಯಲ್ಲಿ ಧೂಪದ ಪಾತ್ರೆಯನ್ನೂ ತಂದಿದ್ದಳು. ಮೇಟ್ರನ್ ಅಮ್ಮನವರು ಅದಕ್ಕೆ ಒಂದು ಚೊಂಬು ನೀರು ಹೊಯ್ದರು. "ಹೊಗೆ ಬೇಡ ಅಜ್ಜಿ. ನಮ್ಮ ಹುಡುಗಿಗೆ ವಾಸನೆ ಸಿಗೋದಿಲ್ಲ." ಅವರ ಬಾಯಲ್ಲಿ 'ನಮ್ಮ ಹುಡುಗಿ' ಎಂಬ ಮಾತನ್ನು ನಾನು ಕೇಳಿದ್ದು ಆವತ್ತೇ ಮೊದಲು. ನೀರು ತರುವ ನೆಪದಲ್ಲಿ ಶೆಡ್ಡಿನ ಹಿಂದೆ ಹೋಗಿ ಅತ್ತೆ.

ಅಲ್ಲಿಂದ ಮುಂದಿನ ದಿನಗಳು ಕೆಟ್ಟ ದಿನಗಳು. ಜ್ವರ ಇಳಿದಂತೆ ಮಾಡಿ ಮತ್ತೆ ಏರುತ್ತಿತ್ತು. ಒಂದು ಮಧ್ಯಾಹ್ನ ಮೈ ನಡುಗಿ ಹಲ್ಲು ಕಟ್ಟಿದಾಗ, ಗಂಡ ಶೆಡ್ಡಿನ ಹೊರಗೆ ಬೆನ್ನು ತಿರುಗಿಸಿ ನಿಂತುಬಿಟ್ಟ. ಬೆಳಿಗ್ಗೆ ಎದ್ದ ಕೂಡಲೇ ನನ್ನ ಕೆಲಸ ಒಂದೇ. ಬಟ್ಟೆ ತೆಗೆದು, ಮೂಸಿ, ಮೇಟ್ರನ್ ಅಮ್ಮನವರಿಗೆ ಹೇಳುವುದು. ಇದೆ. ಇವತ್ತೂ ಇದೆ. ಸ್ವಲ್ಪ ಕಡಿಮೆ. ಮುದುಕಿ ದೂರದಲ್ಲಿ ಕೂತು ನನ್ನ ಮೂಗನ್ನೇ ನೋಡುತ್ತಿದ್ದಳು. ಒಂದು ಬೆಳಿಗ್ಗೆ ಬಟ್ಟೆ ತೆಗೆದೆ. ರಕ್ತದ ವಾಸನೆ ಇತ್ತು, ಬೆವರಿನದು ಇತ್ತು, ಕುದಿಸಿದ ಬಟ್ಟೆಯದು ಇತ್ತು. ನಿರ್ಮಾಲ್ಯ ಇರಲಿಲ್ಲ. ನಂಬಿಕೆಯಾಗದೆ ಬೆಳಕಿಗೆ ಹೋಗಿ ಮತ್ತೆ ಮೂಸಿದೆ. ಮುದುಕಿ ಎದ್ದು ನಿಂತಿದ್ದಳು.

"ಏನು ವಾಸ್ನೆ ಐತವ್ವ?"

"ಏನೂ ಇಲ್ಲ ಅಜ್ಜಿ. ಬಾಣಂತಿ ವಾಸ್ನೆ ಅಷ್ಟೇ."

ಅವಳು ಅಲ್ಲೇ ಮಣ್ಣಿನಲ್ಲಿ ಕೂತು ಹಣೆ ನೆಲಕ್ಕೆ ಹಚ್ಚಿದಳು.

ಪ್ಲೇಗು ಇಳಿದ ಮೇಲೆ ಜನ ಊರೊಳಗೆ ತಿರುಗಿ ಬಂದರು. ನಾನು ಆಸ್ಪತ್ರೆಯಲ್ಲೇ ಉಳಿದೆ. ಒಂದು ದಿನ ಮುದುಕಿ ಕೂಸನ್ನು ಕಂಕುಳಲ್ಲಿ ಇರಿಸಿಕೊಂಡು ವಾರ್ಡಿಗೆ ಬಂದಳು. ಕೊಬ್ಬರಿ, ಬೆಲ್ಲ ತಂದಿದ್ದಳು. ಸೊಸೆ ಚೆನ್ನಾಗಿದ್ದಾಳೆ, ಮನೆಯ ಕೆಲಸಕ್ಕೆ ನಿಂತಿದ್ದಾಳೆ ಎಂದಳು. ಆಮೇಲೆ ಅತ್ತಿತ್ತ ನೋಡಿ ನನ್ನ ಕಿವಿಯ ಹತ್ತಿರ ಬಂದಳು.

"ಇಲಿ ಇತ್ತವ್ವ."

ನನಗೆ ಅರ್ಥವಾಗಲಿಲ್ಲ.

"ಸುಣ್ಣ ಹೊಡೆಸಾಕೆ ಅಂತ ಒಳಕೋಣಿ ಧೂಳು ಜಾಡಿಸಿದ್ವಿ. ತೊಟ್ಲು ಕಟ್ಟಿದ್ವಲ್ಲ, ಅದೇ ತೊಲೆ ಮ್ಯಾಲೆ, ಸಂದಿಯಾಗೆ ಇದ್ವು. ಒಣಗಿ ತೊಗಲಾಗಿದ್ವು. ಒಂದಲ್ಲ ಅವ್ವ."

'ಇಲಿ ಇಲ್ಲ ಈ ಮನೇಲಿ' ಎಂದು ಅಷ್ಟು ಗಟ್ಟಿಯಾಗಿ ಹೇಳಿದವಳು ನಾನೇ. ಅವರು ಒಳಗಿದ್ದಾಗಲೇ ಸತ್ತಿದ್ದವೋ, ನಾವು ಗಾಡಿ ಹೊರಡಿಸಿದ ಮೇಲೆ ಸತ್ತವೋ, ಹೇಳುವವರಾರು? ಆ ಹೊಗೆಯಲ್ಲಿ ನನ್ನ ಮೂಗಿಗೆ ಒಂದು ಸಿಕ್ಕಿತ್ತು, ಇನ್ನೊಂದು ಸಿಕ್ಕಿರಲಿಲ್ಲ. ಬಾಣಂತಿಗೆ ನಂಜೇರದೆ ಹೋಗಿದ್ದರೆ ಅವರೆಲ್ಲ ಆ ತೊಲೆಯ ಕೆಳಗೇ ಬೀಗದೊಳಗೆ ಇರುತ್ತಿದ್ದರು ಎಂಬುದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

"ಅವತ್ತಿಂದ ಮನಿಯಾಗೆ ಸಾಂಬ್ರಾಣಿ ಹಾಕಿಲ್ಲ," ಎಂದಳು ಮುದುಕಿ. "ಅದು ಏನೇನು ಮುಚ್ಚಿಡ್ತೈತೋ ಏನೋ."

ಕೂಸನ್ನು ನನ್ನ ಕೈಗೆ ಕೊಟ್ಟಳು. ನೆತ್ತಿಗೆ ಮೂಗು ಹಚ್ಚಿದೆ. ಹರಳೆಣ್ಣೆ, ಹಾಲು, ಸ್ವಲ್ಪ ಸಿನುಗು. ಬೇರೇನೂ ಇರಲಿಲ್ಲ. ಮುದುಕಿ ನನ್ನ ಮುಖ ನೋಡುತ್ತಿದ್ದಳು. ನಾನು ಇನ್ನೊಂದು ಸಲ ಮೂಸಿ ನೋಡಿದೆ.